ಜಲಜನಕದ ಉರಿಯೂ ಕಂದು ಮಬ್ಬೂ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ಹೆಸರಿರಲಿಲ್ಲ. ಬೆಂಕಿ, ಗಾಳಿ, ಮನುಷ್ಯರು ಎಲ್ಲರದೂ ಒಂದೇ ಮಾತು.

ಆಗ ಮಾಳವ್ವ ಎಂಬ ಕುಂಬಾರತಿ ಇದ್ದಳು. ಅವಳ ಗುಡಿಸಲ ಹಿಂದಿನ ಬಂಡೆಯ ಬಿರುಕಿನಲ್ಲಿ ಜಲಜನಕದ ಉರಿ ವಾಸವಾಗಿತ್ತು. ಬಿಸಿಲಲ್ಲಿ ಕಣ್ಣಿಗೇ ಕಾಣದಷ್ಟು ತೆಳು ಉರಿ. ಹೊಗೆಯಿಲ್ಲ, ಮಸಿಯಿಲ್ಲ, ಬೂದಿಯಿಲ್ಲ. ಮೇಲೆ ತಣ್ಣನೆಯ ಮುಚ್ಚಳ ಹಿಡಿದರೆ ಬರೀ ನೀರಹನಿ. ಮಾಳವ್ವ ಅದರ ಸುತ್ತ ಎತ್ತರದ ಗೋಡೆ ಕಟ್ಟಿ, ಒಳಗೆ ಮಡಕೆ ಸುಡತೊಡಗಿದಳು.

ಕೆಲವೇ ದಿನದಲ್ಲಿ ಗೋಡೆಯ ಮೇಲೆ ಕಂದು ಮಬ್ಬು ಕವಿಯಿತು. ಮಗಳು ಸುಬ್ಬಿಗೆ ಕೆಮ್ಮು ಹತ್ತಿತು. ಎದೆ ಗೊರಗೊರ ಅನ್ನುತ್ತಿತ್ತು, ಗಂಜಿಯೂ ಸೇರದು.

“ಉರಿಯಣ್ಣಾ, ನಿನ್ನಲ್ಲಿ ಮಸಿಯೇ ಇಲ್ಲವಲ್ಲ. ಈ ಮಬ್ಬು ಎಲ್ಲಿಂದ ಬಂತು?” ಎಂದು ಮಾಳವ್ವ ಕೇಳಿದಳು.

“ಗಾಳಿಯೊಳಗಿಂದ, ತಾಯಿ. ಅಲ್ಲಿ ಸಾರಜನಕ, ಆಮ್ಲಜನಕ ಅಂತ ಇಬ್ಬರು ಅಕ್ಕತಂಗಿಯರು. ತಮ್ಮ ಪಾಡಿಗೆ ತಾವಿರುತ್ತಾರೆ. ನಾನು ಒಂದೇ ಕಡೆ ಕೂತು ಕಾದೂ ಕಾದೂ ಮಿತಿಮೀರಿದರೆ, ಆ ಬಿಸಿಗೆ ಇಬ್ಬರೂ ಬೆಸೆದುಕೊಂಡು ಮಬ್ಬಾಗುತ್ತಾರೆ. ನೀನು ಗೋಡೆ ಕಟ್ಟಿದ ಮೇಲೆ ನಾನು ಅಲುಗಿಯೇ ಇಲ್ಲ.”

ಮಾಳವ್ವ ಗೋಡೆ ಕೆಡವಿ ಗಾಳಿಯನ್ನು ಕರೆದಳು. ಗಾಳಿ ಹೋ ಎಂದು ನುಗ್ಗಿತು. ಉರಿ ಚಿಂದಿಚಿಂದಿಯಾಯಿತು. ಮಬ್ಬು ಮಾತ್ರ ಇನ್ನೂ ದಟ್ಟವಾಯಿತು. ಸುಬ್ಬಿಗೆ ಉಸಿರೇ ಸಿಕ್ಕದಾಯಿತು.

ಮಾಳವ್ವನಿಗೆ ಗಾಬರಿ. ಆದರೂ ಯಾಕೆ ಹೀಗೆಂದು ನೋಡದೆ ಇರಲಾಗಲಿಲ್ಲ. ಚಿಂದಿಗಳ ಹತ್ತಿರ ಕೈ ಒಡ್ಡಿದಳು. ಒಂದು ಬೆಚ್ಚಗಿತ್ತು. ಇನ್ನೊಂದು ಮೊದಲಿಗಿಂತ ಬಿಸಿ, ಬೆರಳು ಬೊಬ್ಬೆಯೆದ್ದಿತು.

“ಗಾಳಿಯಪ್ಪಾ, ನೀನು ಉರಿಯನ್ನು ಹರಿದು ಹಾಕುತ್ತಿದ್ದೀಯ, ನಿನ್ನ ತಂಪನ್ನು ಎಲ್ಲ ಕಡೆ ಬೆರೆಸುತ್ತಿಲ್ಲ. ನನ್ನ ತಿಗರಿಯ ಹಾಗೆ ಹದವಾಗಿ ಸುತ್ತು. ಜೋರು ತಿರುಗಿಸಿದರೆ ಮಣ್ಣು ಸಿಡಿಯುತ್ತೆ, ನಿಲ್ಲಿಸಿದರೆ ಮಡಕೆಯೇ ಏಳೋದಿಲ್ಲ.”

“ನನಗೆ ಓಡೋದಷ್ಟೇ ಗೊತ್ತವ್ವಾ,” ಎಂದಿತು ಗಾಳಿ.

“ಈಗ ಕಲಿ. ಮಗಳು ಉಸಿರಾಡಬೇಕು.”

ಗಾಳಿ ಸಣ್ಣ ಸಣ್ಣ ಸುಳಿಯಾಗಿ ಸುತ್ತಿತು. ಒಂದೊಂದು ಸುಳಿಯೂ ಹೊರಗಿನ ತಂಪನ್ನು ಉರಿಯೊಳಗೆ ಬೆರೆಸಿತು, ಬಿಸಿಯನ್ನು ನಿಲ್ಲಗೊಡದೆ ಹೊರಗೊಯ್ದಿತು. ಮಬ್ಬು ತೆಳುವಾಗಿ, ತೆಳುವಾಗಿ, ಹೊತ್ತು ಇಳಿಯುವಷ್ಟರಲ್ಲಿ ಕರಗಿತು. ಆ ದಿನದ ಮಡಕೆಗಳು ಅರೆಬರೆ ಬೆಂದವು. ಸುಬ್ಬಿ ಎದ್ದು ಕೂತು ಗಂಜಿ ಕೇಳಿದಳು.

ಅದಕ್ಕೇ ಮಗು, ಇವತ್ತಿಗೂ ಬಯಲಲ್ಲಿ ಯಾವ ಉರಿಯೂ ನೆಟ್ಟಗೆ ನಿಲ್ಲದೆ ತೊನೆಯುವುದು: ಹದ ಕಲಿತ ಗಾಳಿ ಅದರ ಸುತ್ತ ಸುಳಿಯುತ್ತಲೇ ಇರುತ್ತದೆ.