ಹೆಚ್ಚಿದ ಬಳೆಗಳು

“ಗುರುಗಳೇ, ಬಾಲಯೇಸುವಿಗೆ ಯಾವ ಮನೆಯ ಅಲಂಕಾರ ಮೆಚ್ಚುಗೆಯಾಗುತ್ತದೆ?” ಎಂದು ಶಿಷ್ಯ ಇನ್ನಾಸಿ ಕೇಳಿದ.

ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಅವನು ದೇವಾಲಯದ ಜಗುಲಿಯಲ್ಲಿ ಕುಳಿತು, ಪೆಟ್ಟಿಗೆಯಲ್ಲಿದ್ದ ಹಳೆಯ ಅಲಂಕಾರಗಳನ್ನು ಒಂದೊಂದಾಗಿ ಒರೆಸುತ್ತಿದ್ದ. ಕುರಿಗಳ ಬೊಂಬೆ, ಕಾಗದದ ನಕ್ಷತ್ರ, ನಕ್ಷತ್ರದಿಂದ ಬಾಲಯೇಸುವನ್ನು ಮಲಗಿಸುವ ಗೋದಲಿಯವರೆಗೆ ಇಳಿಬಿಡುವ, ಒರೆಸಿದಷ್ಟೂ ಮುಗಿಯದ ಗಾಜಿನ ಸರ. ಮನೆಮನೆಗೆ ಹೋಗಿ ಗೋದಲಿಗಳನ್ನು ನೋಡಿ ಬಹುಮಾನ ಗೊತ್ತುಮಾಡುವ ಕೆಲಸ ಆ ವರ್ಷ ಅವನ ಪಾಲಿಗೆ ಬಂದಿತ್ತು. ತಪ್ಪು ಮನೆಯನ್ನು ಆರಿಸಿ ದೇವರಿಗೆ ಅಪಚಾರ ಮಾಡಿಬಿಡುತ್ತೇನೋ ಎಂದು ಅವನಿಗೆ ಭಯ.

ಗುರುಗಳು ಜಪಮಾಲೆಗೆ ಮುತ್ತಿಟ್ಟು ಪಕ್ಕಕ್ಕಿರಿಸಿದರು. ಆಮೇಲೆ ಈ ಕತೆ ಹೇಳಿದರು.

ನಾನು ದೀಕ್ಷೆ ಪಡೆಯುವುದಕ್ಕೂ ಮೊದಲಿನ ಮಾತು. ಒಂದು ಊರಿನ ಸಭೆಯವರು ಕ್ರಿಸ್‌ಮಸ್ಸಿಗೆ ಒಂದು ಸ್ಪರ್ಧೆ ಇಟ್ಟರು. ಅಲಂಕಾರಕ್ಕೆ ಏನನ್ನೂ ಕೊಂಡು ತರಬಾರದು. ಮನೆಯಲ್ಲಿರುವ ವಸ್ತುಗಳಿಂದಲೇ, ಮಕ್ಕಳನ್ನು ಕೂರಿಸಿಕೊಂಡು ಮಾಡಬೇಕು. ಹಟ್ಟಿಯಲ್ಲಿ ಹುಟ್ಟಿದ ಸ್ವಾಮಿಗೆ ಅಂಗಡಿಯ ಥಳಕು ಬೇಡ ಎಂಬುದು ಅವರ ಎಣಿಕೆ. ಒಳ್ಳೆಯ ಎಣಿಕೆಯೇ. ಬಹುಮಾನ ಮನೆಯೊಡತಿಗೆ ಸಲ್ಲಲಿ ಎಂದು, ಒಂದು ಪೆಟ್ಟಿಗೆ ಗಾಜಿನ ಬಳೆಗಳನ್ನು ಮೊದಲೇ ತಂದು ಇಟ್ಟಿದ್ದರು. ಮನೆಗಳನ್ನು ನೋಡಿ ಬರುವಂತೆ ಊರಿನ ಉಪದೇಶಿಗೆ ಹೇಳಿದರು. ಆತ ಮಕ್ಕಳಿಗೆ ಜಪ ಕಲಿಸುತ್ತಿದ್ದವನು, ನಿಯಮ ಮೀರದವನು.

ಉಪದೇಶಿ ಮೊದಲು ಒಬ್ಬ ಬಡಗಿಯ ಮನೆಗೆ ಹೋದ. ಮರ ಹೆರೆದಾಗ ಉದುರಿದ ಹೊಪ್ಪಳೆಗಳ ಸುರುಳಿಗಳನ್ನೇ ಮಕ್ಕಳು ಸರ್ವೆ ಕೊಂಬೆಗೆ ಸಿಕ್ಕಿಸಿದ್ದರು. ಅಲ್ಲಿಂದ ಒಬ್ಬ ವಿಧವೆಯ ಮನೆಗೆ ಹೋದ. ಅಲ್ಲಿ ಬರಿದಾದ ಮೊಟ್ಟೆಚಿಪ್ಪುಗಳಿಗೆ ಇದ್ದಿಲಿನಿಂದ ಕಣ್ಣು ಮೂಗು ಬರೆದು ತೂಗುಹಾಕಿದ್ದರು. ತೀರ ನುಣ್ಣಗಿದ್ದ ಒಂದನ್ನು ತೋರಿಸಿ, ಇದು ನೀವೇ ಎಂದು ಮಕ್ಕಳು ಅವನ ಬೋಳುತಲೆಯನ್ನು ಗೇಲಿ ಮಾಡಿದವು. ಆತ ನಕ್ಕು, ಚಿಪ್ಪಿನ ತಲೆ ಸವರಿ, ಶಿಲುಬೆಯ ಗುರುತು ಹಾಕಿಕೊಂಡು ಹೊರಟ. ಬಹುಮಾನ ಈ ಮನೆಗೇ ಎಂದು ಅವನ ಮನಸ್ಸಿಗೆ ಆಗಲೇ ಬಂದಿತ್ತು.

ಕೊನೆಗೆ ಒಬ್ಬ ಅಕ್ಕಿ ವ್ಯಾಪಾರಿಯ ಮನೆ. ವ್ಯಾಪಾರಿ ಸಭೆಯ ಹಿರಿಯ. ದೇವಾಲಯದಲ್ಲಿ ಪ್ರಾರ್ಥನೆಗೆ ಮೊದಲ ದನಿ ಅವನದು. ಬಾಗಿಲಲ್ಲೇ ಉಪದೇಶಿ ನಿಂತುಬಿಟ್ಟ. ಬಳೆಚೂರುಗಳ ಸರವೊಂದು ಜಂತೆಯಿಂದ ಇಳಿದು, ಕೊಂಬೆಯನ್ನು ಬಳಸಿ, ಗೋದಲಿಯ ಸುತ್ತ ಸುತ್ತಿಕೊಂಡಿತ್ತು. ಮೇಣದಬತ್ತಿಯ ಉರಿಗೆ ಚೂರನ್ನು ಹಿಡಿದು, ಮೆತ್ತಗಾದಾಗ ಬಗ್ಗಿಸಿ, ಒಂದರೊಳಗೊಂದು ಕೊಂಡಿ ಹಾಕುತ್ತ ಹೋಗುವ ಸರ. ತಾಯಂದಿರು ಮಕ್ಕಳಿಗೆ ಕಲಿಸುವ ಆಟ ಅದು. ಆದರೆ ಎಲ್ಲರ ಮನೆಯಲ್ಲೂ ಅದು ಗೇಣುದ್ದವಾದರೆ ಹೆಚ್ಚು. ಬಾವಿಕಟ್ಟೆಗೋ ಒರಳಿಗೋ ಕೈ ತಗುಲಿ ವರ್ಷಕ್ಕೆ ಎಷ್ಟು ಬಳೆ ಹೋದೀತು?

ಇವರು ಬಳೆ ಕೊಂಡು ತಂದು ಒಡೆದಿದ್ದಾರೆ ಎಂಬ ಗುಮಾನಿ ಉಪದೇಶಿಗೆ ಬಂತು. ಇಷ್ಟು ಚೂರು ಎಲ್ಲಿಂದ ಎಂದು ವ್ಯಾಪಾರಿಯ ಹೆಂಡತಿಯನ್ನು ಕೇಳಿದ. ಆಕೆ ಸೆರಗಿನಿಂದ ಕೈಗಳನ್ನು ಮುಚ್ಚಿಕೊಂಡು, ಬಳೆ ಹೆಚ್ಚಿದವು ಎಂದಳು.

ಆ ಸೀಮೆಯ ಹೆಂಗಸರು ಬಳೆ ಒಡೆಯಿತು ಎನ್ನುವುದಿಲ್ಲ. ಮುತ್ತೈದೆಯ ಬಾಯಲ್ಲಿ ಆ ಮಾತು ಬರಬಾರದು. ಹೆಚ್ಚಿತು ಎನ್ನುತ್ತಾರೆ. ಉಪದೇಶಿ ಹೆಂಗಸರ ನಡುವೆ ಬೆಳೆದವನಲ್ಲ. ಬೇಕಾದದ್ದಕ್ಕಿಂತ ಹೆಚ್ಚಾಗಿ ಕೊಂಡರೆಂದೇ ಅವನು ತಿಳಿದ. ಅದು ನಿಯಮಕ್ಕೆ ವಿರುದ್ಧವೆಂದ. ವ್ಯಾಪಾರಿಗೆ ಸಿಟ್ಟು ಬಂತು. ಈ ಹಬ್ಬಕ್ಕಾಗಿ ಒಂದೇ ಒಂದು ಬಳೆ ಕೊಂಡಿದ್ದರೆ ಕೇಳಿ ಎಂದು ಗೋದಲಿ ಮುಟ್ಟಿ ಆಣೆ ಇಟ್ಟ. ಬೇಕಾದರೆ ಮಗುವನ್ನೇ ಕೇಳಿ ಎಂದ. ಅವನ ಮಗಳು ಜಸಿಂತ ಅಲ್ಲೇ ಇದ್ದಳು. ತನ್ನ ಸರಕ್ಕೆ ಬಹುಮಾನ ತಪ್ಪುತ್ತದೆಂದು ಅವಳಿಗೆ ಅಳು ಬಂದಿತ್ತು.

“ಕೊಂಡದ್ದಲ್ಲ, ಉಪದೇಶಿ ತಾತ. ಹೆಚ್ಚಿದವು ಅಂದರೆ ಒಡೆದವು ಅಂತ. ಈ ಹಸಿರು, ಸಾರಿಗೆ ಉಪ್ಪು ಜಾಸ್ತಿಯಾದ ದಿನದ್ದು. ಈ ನೀಲಿ, ಅಮ್ಮ ತವರಿಗೆ ಹೋಗಿ ಬರ್ತೀನಿ ಅಂದಿದ್ದಕ್ಕೆ. ಕೆಂಪೆಲ್ಲ ಈಸ್ಟರ್ ಹಬ್ಬದ್ದು. ಅವತ್ತು ಅಪ್ಪ ಎರಡೂ ಕೈ ಹಿಡಿದು ತಿರುಚಿದರು, ತುಂಬಾ ಸಿಕ್ಕವು. ನಾವು ಅತ್ತರೆ ಅಮ್ಮ, ಅಳಬೇಡಿ, ಚೂರು ಆಯ್ದಿಡಿ, ಕ್ರಿಸ್‌ಮಸ್ಸಿಗೆ ಸರ ಮಾಡೋಣ ಅಂತಾಳೆ.”

ವ್ಯಾಪಾರಿ ನಕ್ಕ. ಇವಳ ಬಾಯಿಗೆ ಬೀಗವೇ ಇಲ್ಲ ನೋಡಿ ಎಂದ. ಕಾಫಿ ತರುವಂತೆ ಹೆಂಡತಿಗೆ ಹೇಳಿದ.

ಆಕೆ ಹೋಗಲಿಲ್ಲ. ಅಷ್ಟು ಹೊತ್ತು ನೆಲ ನೋಡುತ್ತಿದ್ದವಳು ಆಗ ತಲೆಯೆತ್ತಿ ಉಪದೇಶಿಯ ಮುಖ ನೋಡಿದಳು. ತಾನು ಹೇಳಲಾರದ್ದನ್ನು ಮಗು ಹೇಳಿಬಿಟ್ಟಿತ್ತು. ಕೇಳಿದವನು ದೇವರ ಮನೆಯವನು. ಇನ್ನು ಅವನು ಆಡುವ ಒಂದು ಮಾತಿಗಾಗಿ ಆಕೆ ಕಾದಳು. ಹುಲ್ಲಿನ ಮೇಲೆ ಬಾಲಯೇಸುವಿನ ಬೊಂಬೆ ಕಣ್ಣು ತೆರೆದುಕೊಂಡು ಮಲಗಿತ್ತು.

ಹಬ್ಬದ ಊಟಕ್ಕೆ ಅಕ್ಕಿ ಕೊಡುವವನು ವ್ಯಾಪಾರಿಯೇ ಎಂಬುದು ಉಪದೇಶಿಗೆ ನೆನಪಾಯಿತು. ಗಂಡ ಹೆಂಡಿರ ನಡುವಿನದು ತನಗೇಕೆ ಎಂದೂ ಅನ್ನಿಸಿತು. ತನ್ನನ್ನು ಕಳಿಸಿದ್ದು ಅಲಂಕಾರ ನೋಡಲು ಎಂದುಕೊಂಡ.

“ಹಾಗಾದರೆ ಕೊಂಡದ್ದಲ್ಲ. ನಿಯಮ ಸರಿಯಾಗಿದೆ,” ಎಂದ.

ಆಕೆ ಕಾಫಿ ತರಲು ಒಳಗೆ ಹೋದಳು.

ಸಂದೇಹ ಪಟ್ಟೆನಲ್ಲ ಎಂಬ ಸಂಕೋಚದಿಂದಲೋ, ಸರ ನಿಜಕ್ಕೂ ಎಲ್ಲಕ್ಕಿಂತ ಚಂದವಾಗಿದ್ದುದರಿಂದಲೋ, ಉಪದೇಶಿ ಆ ಮನೆಯನ್ನೇ ಮೊದಲನೆಯದೆಂದ. ಹಬ್ಬದ ಪೂಜೆ ಮುಗಿದ ಮೇಲೆ ಎಲ್ಲರ ಮುಂದೆ ವ್ಯಾಪಾರಿಯ ಹೆಂಡತಿಯನ್ನು ಕರೆದರು. ಸಭೆಯ ಹೆಂಗಸರು ಅವಳ ಕೈಗೆ ಹೊಸ ಬಳೆ ತೊಡಿಸಿದರು. ತೊಡಿಸುವಾಗ ಅವಳ ಮುಂಗೈ ಅವರಿಗೆ ಕಾಣಿಸಿತು. ಕಾಣದವರಂತೆ ಇದ್ದುಬಿಟ್ಟರು. ಪಕ್ಕದಲ್ಲಿ ನಿಂತ ಜಸಿಂತ ಬಳೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಇವೂ ಹೆಚ್ಚಿದರೆ, ಮುಂದಿನ ಕ್ರಿಸ್‌ಮಸ್ಸಿಗೆ ನಮ್ಮ ಸರ ದೇವಾಲಯದ ನಕ್ಷತ್ರದವರೆಗೂ ಬರುತ್ತದೆ ಎಂದಳು.

ಪೂಜೆ ಅರ್ಪಿಸಿದ್ದ ಸ್ವಾಮಿಗಳು ದೂರದ ಸೀಮೆಯವರು, ಆ ಊರಿಗೆ ಹೊಸಬರು. ಆ ಮಾತಿನ ಒಳಗು ಅವರಿಗೆ ತಿಳಿಯದು. ಮಗುವಿನ ಭಕ್ತಿಗೆ ಮೆಚ್ಚಿ, ಅದರ ತಲೆಯ ಮೇಲೆ ಕೈಯಿಟ್ಟು, ಹೆಚ್ಚಲಿ ಮಗಳೇ, ಹೆಚ್ಚಲಿ ಎಂದು ಹರಸಿದರು. ಹೆಂಗಸರಿಗೆಲ್ಲ ತಿಳಿದಿತ್ತು. ಉಪದೇಶಿಗೂ ಈಗ ತಿಳಿದಿತ್ತು. ಯಾರೂ ಸ್ವಾಮಿಗಳನ್ನು ತಡೆಯಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಆಮೆನ್ ಎಂದರು.

ಗುರುಗಳು ಕತೆ ನಿಲ್ಲಿಸಿದರು. ಒರೆಸುವ ಬಟ್ಟೆ ಇನ್ನಾಸಿಯ ಕೈಯಲ್ಲೇ ಇತ್ತು. ಅವನು ಮೆಲ್ಲಗೆ, ಆ ಸರ ನಕ್ಷತ್ರದವರೆಗೆ ಬಂತೇ ಎಂದು ಕೇಳಿದ.

“ಬೆಳಗಿನಿಂದ ನೀನು ಒರೆಸುತ್ತಿರುವುದು ಅದನ್ನೇ, ಇನ್ನಾಸಿ.”