ಅಕ್ಕಿ ಹೆಚ್ಚಿದೆ

“ಬುದ್ಧಿ, ಕೂತ ಕಡೆಯಲ್ಲೇ ಎಲ್ಲವೂ ತಿಳಿಯುವ ಹಾಗಿದ್ದರೆ, ಊರೂರು ತಿರುಗಿ ಕೇಳುವುದು ಏತಕ್ಕೆ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ಗುರುಮಲ್ಲಪ್ಪ. ಮಠಕ್ಕೆ ಹಲವು ಊರುಗಳಲ್ಲಿ ಪ್ರಸಾದ ನಿಲಯಗಳಿದ್ದವು. ಬಡವರ ಮಕ್ಕಳು ಅಲ್ಲಿ ಉಂಡು ಓದುತ್ತಿದ್ದರು. ಅವುಗಳ ಉಸ್ತುವಾರಿ ಅವನದು. ಗುರುಗಳು ವರ್ಷಕ್ಕೊಮ್ಮೆ ಎಲ್ಲ ನಿಲಯಗಳಿಗೂ ಹೋಗಿ, ಮಕ್ಕಳ ಪಂಕ್ತಿಯಲ್ಲೇ ಕೂತು ಉಂಡು ಬರುವ ಪದ್ಧತಿ. ಈಚೆಗೆ ಅವರ ಮಂಡಿ ಮಾತು ಕೇಳುತ್ತಿರಲಿಲ್ಲ. ಕಾರಿನಿಂದ ಇಳಿಯುವಾಗ ಅವರು ತುಟಿ ಕಚ್ಚುವುದನ್ನು ಗುರುಮಲ್ಲಪ್ಪ ನೋಡಿದ್ದ. ಅದಕ್ಕೇ ಈ ಉಪಾಯ ಹುಡುಕಿದ್ದ.

“ಎಲ್ಲ ನಿಲಯಗಳ ವಿವರವೂ ದಿನದಿನವೂ ಕ್ಲೌಡಿಗೆ ಹೋಗಿ ಸೇರುತ್ತದೆ, ಬುದ್ಧಿ. ಅಕ್ಕಿ, ಹಾಲು, ಮಕ್ಕಳ ಹಾಜರಿ, ಜ್ವರ, ನೆಗಡಿ, ಎಲ್ಲವೂ ಒಂದೇ ಉಗ್ರಾಣದಲ್ಲಿ. ಏನು ಕೇಳಿದರೂ ಥಟ್ಟನೆ ಉತ್ತರ ಬರುತ್ತದೆ. ತಾವು ಇಲ್ಲಿಂದ ಏಳುವುದೇ ಬೇಡ.”

“ಮೋಡದೊಳಗೆ ಉಗ್ರಾಣ!” ಗುರುಗಳು ನಕ್ಕರು. “ಸದ್ಯ, ಅಲ್ಲಿಗೆ ಇಲಿ ಹತ್ತುವುದಿಲ್ಲ.”

“ಮೋಡ ಎನ್ನುವುದು ಹೆಸರಿಗೆ ಮಾತ್ರ. ಎಲ್ಲೋ ದೂರದಲ್ಲಿ ದೊಡ್ಡ ದೊಡ್ಡ ಕಂಪ್ಯೂಟರುಗಳಿರುತ್ತವೆ. ಅದರಲ್ಲಿ ಜಾಗವನ್ನು ಬಾಡಿಗೆಗೆ ಕೊಡುತ್ತಾರೆ.”

“ಅಷ್ಟು ನನಗೂ ಗೊತ್ತು ಕಣಯ್ಯ. ಕಾವಿ ಉಟ್ಟವನಿಗೆ ಕಿವಿ ಇಲ್ಲ ಅಂದುಕೊಂಡೆಯಾ? ನಿನಗಿಂತ ಮೊದಲೇ ಒಬ್ಬ ವ್ಯಾಪಾರಿ ಈ ದಾರಿ ಹಿಡಿದಿದ್ದ. ಕೂತುಕೋ, ಹೇಳುತ್ತೇನೆ.” ಅವರ ಮುಖದ ನಗು ಅಷ್ಟಕ್ಕೇ ನಿಂತಿತು. ಗುರುಮಲ್ಲಪ್ಪ ಚಾಪೆಯ ಮೇಲೆ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಅಕ್ಕಿ ಬೇಳೆಯ ವ್ಯಾಪಾರ. ಅವನ ತಾಯಿ ಒಂದು ಗೂಡಂಗಡಿಯಲ್ಲಿ ಶುರು ಮಾಡಿದ್ದು, ಇವನ ಕೈಗೆ ಬಂದಾಗ ಊರೂರಿಗೆ ಹಬ್ಬಿತ್ತು. ಹೊಳೆಯಾಚೆಯ ಒಂದು ಊರಿನಲ್ಲೂ ಅವನದೊಂದು ಅಂಗಡಿ ಇತ್ತು. ಆ ಊರಿಗೆ ಇದ್ದದ್ದು ಅದೊಂದೇ ಅಂಗಡಿ. ಚಿಕ್ಕತಾಯಮ್ಮ ಎಂಬ ಹೆಂಗಸು ಅದನ್ನು ನಡೆಸುತ್ತಿದ್ದಳು. ಗಂಡ ತೀರಿಕೊಂಡಾಗ ಈ ವ್ಯಾಪಾರಿಯ ತಾಯಿಯೇ ಅವಳನ್ನು ಕರೆದು, ತಕ್ಕಡಿ ಹಿಡಿಯುವುದನ್ನು ಕಲಿಸಿ, ಅಲ್ಲಿ ಕೂರಿಸಿದ್ದಳು. ವ್ಯಾಪಾರಿ ಅವಳನ್ನು ತಾಯಕ್ಕ ಎನ್ನುತ್ತಿದ್ದ. ಅವಳಿಗೆ ಅವನು ತಮ್ಮಯ್ಯ.

ತಕ್ಕಡಿಯ ಜೊತೆಗೆ ಆ ತಾಯಿ ಅವಳಿಗೆ ಮಾತನ್ನೂ ಕಲಿಸಿದ್ದಳು. ಅಕ್ಕಿ ಮುಗಿದರೆ ಮುಗಿಯಿತು ಎನ್ನಬಾರದು. ಇಲ್ಲ ಎನ್ನಬಾರದು. ಹೆಚ್ಚಿದೆ ಎನ್ನಬೇಕು. ಬಳೆ ಒಡೆದರೆ ನಮ್ಮ ಹೆಂಗಸರು ಬಳೆ ಹೆಚ್ಚಿತು ಎನ್ನುವುದಿಲ್ಲವೇ, ಹಾಗೆ. ಅನ್ನದ ವಿಷಯದಲ್ಲಿ ಬಾಯಿಂದ ಕೆಟ್ಟ ಮಾತು ಬರಬಾರದು ಎಂಬ ಭಯ, ಭಕ್ತಿ. ಚಿಕ್ಕತಾಯಮ್ಮ ಅದನ್ನು ಒಂದು ದಿನವೂ ತಪ್ಪಲಿಲ್ಲ. “ತಮ್ಮಯ್ಯ, ಅಕ್ಕಿ ಹೆಚ್ಚಿದೆ” ಎಂದು ಅವಳು ಫೋನಿನಲ್ಲಿ ಹೇಳಿದರೆ ಸಾಕು, ಮಾರನೆಯ ದಿನ ಲಾರಿ ಹೊಳೆ ದಾಟುತ್ತಿತ್ತು. ಅವನು ಮರುಪ್ರಶ್ನೆ ಕೇಳಿದವನೇ ಅಲ್ಲ.

ಅಂಗಡಿಗಳು ಹೆಚ್ಚಿದವು, ಫೋನುಗಳು ಹೆಚ್ಚಿದವು. ಉಣ್ಣಲು ಕೂತರೆ ಒಬ್ಬನ ಫೋನು, ಎದ್ದರೆ ಇನ್ನೊಬ್ಬನದು. ವ್ಯಾಪಾರಿಗೆ ತಲೆ ಚಿಟ್ಟು ಹಿಡಿಯಿತು. ಆಗಲೇ ಅವನು ನೀನು ಹೇಳಿದ ಉಗ್ರಾಣವನ್ನು ಬಾಡಿಗೆಗೆ ಹಿಡಿದದ್ದು. ಎಲ್ಲ ಅಂಗಡಿಗಳ ಖರೀದಿ, ಮಾರಾಟ, ದಾಸ್ತಾನು ಅಲ್ಲಿಗೆ ಹೋಗಿ ಬೀಳುತ್ತಿತ್ತು. ಅಂಗಡಿಯವರು ಬರೆಯಬೇಕಾಗಿಯೂ ಇರಲಿಲ್ಲ. ಸಂಜೆ ಬಾಗಿಲು ಹಾಕುವ ಮೊದಲು ಫೋನಿಗೆ ನಾಲ್ಕು ಮಾತು ಹೇಳಿದರೆ, ಯಂತ್ರ ಅದನ್ನು ಅಂಕಿಯಾಗಿ ಮಾಡಿ ತಕ್ಕ ಕಾಲಂನಲ್ಲಿ ಇಡುತ್ತಿತ್ತು.

ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುತ್ತಿಲ್ಲ, ಮುಖ ಸಣ್ಣದು ಮಾಡಬೇಡ. ಅದರಿಂದ ಅವನಿಗೆ ಒಳ್ಳೆಯದೇ ಆಯಿತು. ಯಾವ ಊರಿನವರು ಹಬ್ಬಕ್ಕೆ ಮುಂಚೆಯೇ ಬೆಲ್ಲ ಒಯ್ಯುತ್ತಾರೆ, ಯಾವ ಊರಿನಲ್ಲಿ ಅವರೆಕಾಳಿಗೆ ಹುಳ ಹಿಡಿಯುತ್ತಿದೆ, ಎಲ್ಲವನ್ನೂ ಅದು ಹೇಳುತ್ತಿತ್ತು. ಹಾಳಾಗುವ ಕಾಳು ಉಳಿಯಿತು. ವ್ಯಾಪಾರಿ ಎಷ್ಟೋ ವರ್ಷಗಳ ಮೇಲೆ ನೆಮ್ಮದಿಯಾಗಿ ಕೂತು ಉಂಡ. ಗಿರಾಕಿಗಳಿಗೂ ಅನುಕೂಲವಾಗಲಿ ಎಂದು, ಯಾವ ಅಂಗಡಿಯಲ್ಲಿ ಏನಿದೆ ಎಂಬುದನ್ನು ಅವರವರ ಫೋನಿನಲ್ಲೇ ಕಾಣುವ ಹಾಗೆ ಮಾಡಿಸಿದ. ಅಂಗಡಿಯವರಿಗೆಲ್ಲ ಒಂದು ಮಾತು ಹೇಳಿದ: “ಇನ್ನು ನನಗೆ ಫೋನ್ ಮಾಡಬೇಡಿ. ಅದಕ್ಕೆ ಹೇಳಿದರೆ ನನಗೆ ಹೇಳಿದ ಹಾಗೇ.”

ಅದನ್ನು ಕಟ್ಟಿಕೊಟ್ಟ ಇಂಜಿನಿಯರು ಹೊರಗಿನವನು. ಕನ್ನಡ ಕಲಿತಿದ್ದ, ಪಾಪ, ಶ್ರದ್ಧೆಯಿಂದಲೇ ಕಲಿತಿದ್ದ. ಅಂಗಡಿಯವರ ಬಾಯಲ್ಲಿ ಬರುವ ಮಾತುಗಳಿಗೆಲ್ಲ ಯಂತ್ರಕ್ಕೆ ಅರ್ಥ ಹೇಳಿಕೊಡಬೇಕಿತ್ತು. ಅನುಮಾನ ಬಂದ ಮಾತುಗಳನ್ನು ವ್ಯಾಪಾರಿಯನ್ನೇ ಕೇಳಿದ. ವ್ಯಾಪಾರಿ ಆಗ ಹೊಸ ಪರದೆಯ ಮುಂದೆ ಕೂತು, ತನ್ನ ಊರುಗಳು ಬಣ್ಣಬಣ್ಣವಾಗಿ ಹೊಳೆಯುವುದನ್ನು ನೋಡುತ್ತಿದ್ದ.

“ಸಾರ್, ‘ಅಕ್ಕಿ ಸಾಲದು’ ಅಂದರೆ ಕಡಿಮೆ, ಅಲ್ಲವೇ?”

“ಹೌದು.”

“‘ಅಕ್ಕಿ ಹೆಚ್ಚಿದೆ’ ಅಂದರೆ?”

“ಹೆಚ್ಚು ಅಂದರೆ ಹೆಚ್ಚು ಕಣಪ್ಪ. ಅದನ್ನೂ ಕೇಳಬೇಕೇ?”

ಕಣ್ಣು ಪರದೆಯಲ್ಲೇ ಇತ್ತು. ತಾಯಕ್ಕನ ಫೋನು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಅವನ ಮನೆಯಲ್ಲಂತೂ ಆ ಮಾತು ಕೇಳದೆ ಬಹಳ ಕಾಲವಾಗಿತ್ತು. ತಾಯಿ ತೀರಿಹೋಗಿದ್ದಳು. ಹೆಂಡತಿ ಅಕ್ಕಿಯನ್ನು ಪ್ಯಾಕೆಟಿನಲ್ಲಿ ತರಿಸುತ್ತಿದ್ದಳು, ಮುಗಿದರೆ ಖಾಲಿ ಎನ್ನುತ್ತಿದ್ದಳು. ಇಂಜಿನಿಯರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡ. ಅವನಲ್ಲಿ ತಪ್ಪಿಲ್ಲ.

ಆ ವರ್ಷ ಮಳೆ ಜೋರಾಯಿತು. ಹೊಳೆಯ ನೀರು ಹಿತ್ತಿಲ ಕಡೆಯಿಂದ ಚಿಕ್ಕತಾಯಮ್ಮನ ಅಂಗಡಿಗೆ ನುಗ್ಗಿತು. ಹೊಸದಾಗಿ ಬಂದ ಅಕ್ಕಿಯ ಮೂಟೆಗಳೆಲ್ಲ ನೆನೆದು, ಮುಗ್ಗಿ, ನಾರತೊಡಗಿದವು. ಅವಳು ಒಂದಿಷ್ಟನ್ನು ಆರಿಸಿ ಹರವಿ ಉಳಿಸಿಕೊಂಡಳು. ಮಿಕ್ಕದ್ದನ್ನು ಅಳುತ್ತ ಹೊಳೆಗೇ ಸುರಿದಳು. ಸೇತುವೆಯ ಮೇಲೆ ಇನ್ನೂ ನೀರು ಬಂದಿರಲಿಲ್ಲ. ಇವತ್ತು ಹೇಳಿದರೆ ನಾಳೆ ಲಾರಿ ಬರುತ್ತದೆ ಎಂಬ ಧೈರ್ಯ ಅವಳಿಗೆ. ಸಂಜೆ ಫೋನು ಬಾಯಿಗೆ ಹಿಡಿದು ಹೇಳಿದಳು: “ಅಕ್ಕಿ ಹೆಚ್ಚಿದೆ, ತಮ್ಮಯ್ಯ. ಬೇಗ ನೋಡು.”

‘ಅಕ್ಕಿ ಹೆಚ್ಚು’ ಎಂಬುದು ಹೋಗಿ ತನ್ನ ಕಾಲಂ ಸೇರಿತು. ‘ಬೇಗ ನೋಡು’ ಎಂಬುದಕ್ಕೆ ಅಲ್ಲಿ ಕಾಲಂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ವ್ಯಾಪಾರಿಯ ಗೋದಾಮಿನ ಮುಂದೆ ಅಕ್ಕಿ ಹೇರಿದ ಲಾರಿ ನಿಂತಿತ್ತು. ಮಳೆ ನೋಡಿ, ಹೊಳೆಯಾಚೆಗೇ ಕಳಿಸೋಣ ಎಂದು ಅವನೇ ಹೇರಿಸಿದ್ದ. ಹೊರಡುವ ಮುನ್ನ ಒಮ್ಮೆ ಪರದೆ ನೋಡಿದ. ಆ ಊರಿಗೆ ಹೋದ ಅಕ್ಕಿ ಬಹಳ. ಮಾರಾಟವಾದದ್ದು ಏನೂ ಇಲ್ಲ. ದಾಸ್ತಾನು ಹೆಚ್ಚಿದೆ ಎಂದು ಅಂಗಡಿಯವಳೇ ಹೇಳಿದ್ದಾಳೆ. ಮೂರೂ ಮಾತು ಒಂದಕ್ಕೊಂದು ಸರಿಯಾಗಿ ಕೂಡುತ್ತಿತ್ತು. ತಾಯಕ್ಕನಿಗೆ ಒಂದು ಫೋನ್ ಮಾಡಲೇ ಎಂದು ಅವನಿಗೆ ಅನ್ನಿಸಿತು. ಫೋನನ್ನು ಕೈಗೆ ತೆಗೆದುಕೊಂಡ ಕೂಡ. ಕಣ್ಣೆದುರಿಗೇ ಎಲ್ಲ ಇರುವಾಗ ಮುದುಕಿಗೆ ಯಾಕೆ ತೊಂದರೆ ಎಂದು ಕೆಳಗಿಟ್ಟ. ಲಾರಿಯನ್ನು ಬೇರೆ ಊರಿಗೆ ತಿರುಗಿಸಿದ. ಅಂದು ಸಂಜೆ ಸೇತುವೆ ಮುಳುಗಿತು.

ಚಿಕ್ಕತಾಯಮ್ಮ ಉಳಿದ ಅಕ್ಕಿಯನ್ನು ಮನೆಗಿಷ್ಟು ಎಂದು ಅಳೆದು ಕೊಟ್ಟಳು. ಅದಾದ ಮೇಲೆ ತನ್ನ ಅಡುಗೆಮನೆಯದನ್ನು ತಂದು ಕೊಟ್ಟಳು. ಆಮೇಲೆ ಕೈ ಮುಗಿದು ನಿಂತಳು. ಒಬ್ಬ ತನ್ನ ಫೋನು ತೆರೆದು ಅವಳ ಮುಖಕ್ಕೆ ಹಿಡಿದ. ‘ಈ ಅಂಗಡಿಯಲ್ಲಿ ಅಕ್ಕಿ ಹೆಚ್ಚಿದೆ’ ಎಂದು ಅದರಲ್ಲಿತ್ತು. ಇನ್ನೊಬ್ಬ ತೆರೆದ, ಅವನದರಲ್ಲೂ ಅದೇ. ಊರಿಗೆ ಊರೇ ಅದನ್ನು ನೋಡಿತು. ಹೊಟ್ಟೆ ಹಸಿದಿದೆ, ಮಕ್ಕಳು ಅಳುತ್ತಿವೆ, ಸಾಹುಕಾರನ ಉಗ್ರಾಣವೇ ಇದೆ ಅನ್ನುತ್ತಿದೆ, ಇವಳು ಬರಿಗೈ ತೋರಿಸುತ್ತಿದ್ದಾಳೆ. ಬಚ್ಚಿಟ್ಟಿದ್ದಾಳೆ ಎಂದ ಒಬ್ಬ. ಕಳ್ಳಿ ಎಂದಳು ಇನ್ನೊಬ್ಬಳು. ಅವಳ ಕೈಯಲ್ಲೇ ಅಕ್ಕಿ ಅಳೆಸಿಕೊಂಡು ಬೆಳೆದವರು ಅವಳನ್ನು ಪಕ್ಕಕ್ಕೆ ತಳ್ಳಿ ಬಾಗಿಲು ಮುರಿದರು. ಒಳಗೆ ನೆಲದ ಮೇಲೆ ಕೆಸರು ಬಿಟ್ಟರೆ ಏನೂ ಇರಲಿಲ್ಲ. ಯಾರೂ ಯಾರ ಮುಖವನ್ನೂ ನೋಡದೆ ಮನೆಗಳಿಗೆ ಹೋದರು. ಕ್ಷಮಿಸು ಎಂದು ಒಬ್ಬರೂ ಹೇಳಲಿಲ್ಲ ನೋಡು. ಆ ನಾಚಿಕೆಗೆ ನಾಲಗೆ ಇರುವುದಿಲ್ಲ.

ಬಿದ್ದವಳು ಎದ್ದು ಕೂತಳು. ಅಂದು ಸಂಜೆಯೂ ಫೋನು ಬಾಯಿಗೆ ಹಿಡಿದು ಅದೇ ಮಾತು ಹೇಳಿದಳು.

ನೀರು ಇಳಿದ ಮೇಲೆ ವ್ಯಾಪಾರಿಯ ಪರದೆಯ ಮೇಲೆ ಆ ಊರು ಕೆಂಪಾಗಿ ಕಂಡಿತು. ದಾಸ್ತಾನು ಕೊಳೆಯುತ್ತಿದೆ, ಮಾರಾಟವಿಲ್ಲ, ಅಂಗಡಿ ಮುಚ್ಚುವುದು ಲೇಸು ಎಂದು ಉಗ್ರಾಣ ಸಲಹೆ ಕೊಟ್ಟಿತು. ತಾಯಿ ಇಟ್ಟ ಅಂಗಡಿ. ಅವನಿಗೆ ಸಂಕಟವಾಯಿತು. ಆಳುಗಳನ್ನು ಕಳಿಸದೆ ತಾನೇ ಹೋಗಿ ತಾಯಕ್ಕನಿಗೆ ಸಮಾಧಾನ ಹೇಳಿ, ಹೆಚ್ಚಾದ ಅಕ್ಕಿಯನ್ನು ಹೇರಿಕೊಂಡು ಬರೋಣ ಎಂದು ಹೊರಟ. ಬೆನ್ನ ಹಿಂದೆ ಒಂದು ಖಾಲಿ ಲಾರಿ ಬರುತ್ತಿತ್ತು. ತಿಳಿಯಿತೇನಯ್ಯ? ಉಪವಾಸವಿದ್ದ ಊರಿನಿಂದ ಅಕ್ಕಿ ಹೊತ್ತು ತರಲು ಹೋದ.

ಲಾರಿ ಕಂಡು ಮಕ್ಕಳು ಓಡಿ ಬಂದವು. ಹಿಂದೆ ಹತ್ತಿ ಒಳಗೆ ಇಣುಕಿದವು. ಏನೂ ಇಲ್ಲದ್ದನ್ನು ನೋಡಿ ಸುಮ್ಮನೆ ಇಳಿದವು. ಗಲಾಟೆಯನ್ನೂ ಮಾಡಲಿಲ್ಲ. ವ್ಯಾಪಾರಿ ಅಂಗಡಿಯ ಕಡೆ ಓಡಿದ. ಮುರಿದ ಬಾಗಿಲು ದಾಟಿ ಒಳಗೆ ಹೋದ. ಕೆಸರು ಒಣಗಿದ ನೆಲ, ಬರಿಯ ಗೋಡೆ. ಮೂಲೆಯಲ್ಲಿ, ಬಿದ್ದು ಪೆಟ್ಟಾದ ಕೈಗೆ ಬಟ್ಟೆ ಸುತ್ತಿಕೊಂಡು ಚಿಕ್ಕತಾಯಮ್ಮ ಕೂತಿದ್ದಳು.

“ಅಯ್ಯೋ ತಾಯಕ್ಕ! ಅಕ್ಕಿ ಇಲ್ಲ ಅಂತ ಒಂದು ಮಾತು ಹೇಳಬಾರದಿತ್ತೇ?”

ಅವಳು ಅವನನ್ನು ನೋಡಿದಳು. ಸಿಟ್ಟಿಲ್ಲ, ಏನಿಲ್ಲ. ಬೇರೆ ಯಾರನ್ನೋ ನೋಡುವ ಹಾಗೆ ನೋಡಿದಳು.

“ದಿನಾ ಹೇಳಿದೆನಲ್ಲ, ತಮ್ಮಯ್ಯ. ಅವ್ವ ಕಲಿಸಿದ ಹಾಗೇ ಹೇಳಿದೆ. ನೀನು ಕೇಳಿಸಿಕೊಳ್ಳುತ್ತೀಯ ಅಂತ ಅಂದುಕೊಂಡೆ.”

ಆಗ ಅವನಿಗೆ ತಾಯಿಯ ದನಿ ಕಿವಿಯಲ್ಲಿ ಕೇಳಿದ ಹಾಗಾಯಿತು. ಪರದೆಯ ಮುಂದೆ ಕೂತು ತಾನೇ ಕೊಟ್ಟ ಅರ್ಥ ನೆನಪಿಗೆ ಬಂತು. ಆ ಒಣಗಿದ ಕೆಸರಿನ ಮೇಲೇ ಕೂತ. ಅತ್ತ. ಲಾರಿ ತುಂಬ ಅಕ್ಕಿ ತರಿಸುತ್ತೇನೆ ಎಂದ. ಊರಿನವರನ್ನೆಲ್ಲ ಕರೆದು ಅವಳ ಮುಂದೆ ಕೈಮುಗಿಸುತ್ತೇನೆ ಎಂದ. ಅವಳು ಎದ್ದು, ಅಕ್ಕಿ ಅಳೆಯುವ ಸೇರನ್ನು ಸೆರಗಿನಿಂದ ಒರೆಸಿ ಅವನ ಮಡಿಲಲ್ಲಿಟ್ಟಳು. ಊಟದ ಹೊತ್ತಿಗೆ ಬಂದಿದ್ದೀಯ, ಬಡಿಸಲು ನನ್ನ ಹತ್ತಿರ ಏನೂ ಇಲ್ಲ ಎಂದಳು. ಇಲ್ಲ ಎಂಬ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಹೇಳಿ, ಮೆಟ್ಟಿಲಿಳಿದು ತನ್ನ ಮನೆಯ ಕಡೆ ಹೋದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಒಳಗೆ ದಾಸೋಹದ ಮನೆಯಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಗುರುಮಲ್ಲಪ್ಪ ಬುದ್ಧಿವಂತ, ತಪ್ಪು ಎಲ್ಲಿದೆ ಎಂದು ಕಂಡುಹಿಡಿಯದೆ ಸುಮ್ಮನಿರಲಾರದವನು. ಮೆಲ್ಲಗೆ ಕೇಳಿದ:

“ಬುದ್ಧಿ, ಅಡಚಣೆ ಬಂದದ್ದು ಆ ಒಂದು ಪದದಿಂದ. ಅದರ ಅರ್ಥ ತಿದ್ದಿಸಿದ್ದರೆ ಎಲ್ಲ ಸರಿಹೋಗುತ್ತಿತ್ತಲ್ಲವೇ?”

ಗುರುಗಳು ಅವನ ಮುಖವನ್ನೇ ನೋಡಿದರು.

“ತಿದ್ದಿಸಿದ ಕಣಯ್ಯ, ಮಾರನೆಯ ದಿನವೇ ತಿದ್ದಿಸಿದ; ಅವಳು ಮತ್ತೆ ಅವನಿಗೆ ಏನನ್ನೂ ಹೇಳಲಿಲ್ಲ.”