ಹರಿದ ಹೋಳಿಗೆಯ ತಟ್ಟೆ

“ಗುರುಗಳೇ, ಕಂಪ್ಯೂಟರಿಗೆ ನುಗ್ಗುವ ಕಳ್ಳ ನನ್ನ ಕಂಪನಿಯೊಳಗೆ ಕಾಲಿಡದಂತೆ ಏನು ಮಾಡಲಿ?” ಎಂದು ಶಿಷ್ಯ ಕೇಳಿದ.

ಶಿಷ್ಯ ಔಷಧಿಗಳ ಸಗಟು ವ್ಯಾಪಾರ ಮಾಡುತ್ತಿದ್ದ. ಅವನ ಊರಿನ ಇನ್ನೊಬ್ಬ ವ್ಯಾಪಾರಿಯ ಕಂಪ್ಯೂಟರುಗಳಿಗೆ ಯಾರೋ ಎಲ್ಲೋ ಕುಳಿತು ಬೀಗ ಜಡಿದು, ತೆಗೆಯಲು ಹಣ ಕೇಳಿದ್ದರು. ಅಂದಿನಿಂದ ಇವನಿಗೆ ನಿದ್ದೆಯಿಲ್ಲ. ಕಾವಲಿನ ತಂತ್ರಾಂಶಗಳನ್ನು ಕೊಂಡಿದ್ದ. ಎಲ್ಲರ ಪಾಸ್‌ವರ್ಡ್ ಬದಲಿಸಿದ್ದ. ಆದರೂ ಹೆದರಿಕೆ ಹೋಗಿರಲಿಲ್ಲ.

“ಅವೆಲ್ಲ ಮಾಡಿದ್ದು ಒಳ್ಳೆಯದೇ. ಈಗ ಕೂತುಕೋ, ಹೋಳಿಗೆಯ ಕತೆ ಹೇಳುತ್ತೇನೆ,” ಎಂದರು ಗುರುಗಳು. ಶಿಷ್ಯನ ಮುಖ ಸಪ್ಪಗಾಯಿತು. “ಯಾಕಯ್ಯಾ, ಹೋಳಿಗೆ ನಿನ್ನ ಘನತೆಗೆ ಕಡಿಮೆಯಾಯಿತೋ? ಸುಮ್ಮನೆ ಕೇಳು,” ಎಂದು ಗದರಿ, ಹೇಳತೊಡಗಿದರು:

ಒಂದು ಪಟ್ಟಣದಲ್ಲಿ ಒಬ್ಬ ಹೆಂಗಸು ಹೋಳಿಗೆ ಮಾಡಿಸಿ ಮಾರುತ್ತಿದ್ದಳು. ಸಣ್ಣದಾಗಿ ಶುರುವಾದ ವ್ಯಾಪಾರ ಬೆಳೆದು, ಹಿಂದೆ ದೊಡ್ಡ ಅಡುಗೆಮನೆ, ಮುಂದೆ ಕಚೇರಿ ಆಯಿತು. ಯಾವ ಮನೆಗೆ ಬೇಳೆ ಹೋಳಿಗೆ, ಯಾವ ಮನೆಗೆ ಕಾಯಿ ಹೋಳಿಗೆ, ಎಷ್ಟು ಹೊತ್ತಿಗೆ ಬೇಕು, ಎಲ್ಲವೂ ಕಂಪ್ಯೂಟರಿನಲ್ಲಿ. ಕಾಲ ಬದಲಾಯಿತಲ್ಲ!

ಅವಳ ಅಡುಗೆಮನೆಯಲ್ಲಿ ಒಂದು ಪದ್ಧತಿಯಿತ್ತು. ಬೇಯುವಾಗ ಹೋಳಿಗೆ ಹರಿದರೆ, ಬೇಯಿಸುವಾಕೆ ಆ ಕ್ಷಣವೇ “ಹರೀತು!” ಅಂತ ಕೂಗಬೇಕು. ಕೂಗದೆ ಮಡಚಿ ಮುಚ್ಚಿಟ್ಟಳೋ, ಕೆಲಸ ಕೆಟ್ಟಿತು. ಹೊರಬಂದ ಹೂರಣ ಕಾವಲಿಗೆ ಹತ್ತಿ ಸೀದು, ಆಮೇಲೆ ಹಾಕಿದ ಹೋಳಿಗೆಗಳೆಲ್ಲ ಅಲ್ಲೇ ಅಂಟಿಕೊಳ್ಳುತ್ತವೆ. ಕೂಗಿದರೆ ಪಕ್ಕದವಳು ಓಡಿಬಂದು ಕಾವಲಿ ಕೆರೆದುಕೊಡುತ್ತಾಳೆ. ಹರಿದದ್ದು ಒಂದು ಅಗಲವಾದ ತಟ್ಟೆಗೆ ಹೋಗುತ್ತದೆ. ಚಹಾದ ಹೊತ್ತಿಗೆ ಯಜಮಾನಿಯೂ ಸೇರಿ ಎಲ್ಲರೂ ತುಪ್ಪ ಸುರಿದುಕೊಂಡು ತಿನ್ನುತ್ತಾರೆ. ಬಯ್ಗುಳವಿಲ್ಲ. ಕೆಲವರು ಬೇಕಂತಲೇ ಹರಿದುಬಿಡುತ್ತಿದ್ದರೇನೋ ಅಂತ ನನಗೆ ಗುಮಾನಿ.

ಯುಗಾದಿ ಬಂತು. ಹಬ್ಬದ ಹಿಂದಿನ ದಿನ ಒಲೆಗಳೆಲ್ಲ ಉರಿಯುತ್ತಿದ್ದವು. ಎಷ್ಟೋ ಮನೆಗಳ ಹಬ್ಬದೂಟ ಅವಳನ್ನೇ ನಂಬಿಕೊಂಡಿತ್ತು. ಮುಂದಿನ ಕಚೇರಿಯಲ್ಲಿ ವಾರಿಜಾ ಅಂತ ಒಬ್ಬಳು ಆರ್ಡರ್ ಬರೆದುಕೊಳ್ಳುತ್ತಿದ್ದಳು. ಹೊಸದಾಗಿ ಸೇರಿದವಳು. ಹಿಂದೆ ಕೆಲಸ ಮಾಡಿದ ಕಡೆ ತಪ್ಪಾದರೆ ಎಲ್ಲರೆದುರು ನಿಲ್ಲಿಸಿ ಮಾನ ಕಳೆಯುತ್ತಿದ್ದರು.

ಅವಳಿಗೆ ಒಂದು ಇ-ಮೇಲ್ ಬಂತು. ದೊಡ್ಡ ಆರ್ಡರ್ ಇದೆ, ವಿವರ ಒಳಗಿದೆ ಅಂತ ಇತ್ತು. ತೆರೆದಳು. ಒಳಗೆ ಆರ್ಡರೂ ಇಲ್ಲ, ಮಣ್ಣೂ ಇಲ್ಲ. ಪರದೆ ಒಮ್ಮೆ ಮಿನುಗಿತು. ಕಡತಗಳ ಹೆಸರುಗಳು ಒಂದೊಂದಾಗಿ ಏನೇನೋ ಆಗತೊಡಗಿದವು.

ಉಳಿದ ಕಂಪ್ಯೂಟರುಗಳೂ ಇದಕ್ಕೇ ಜೋಡಿಸಿದ್ದು, ಈ ಪೀಡೆ ಅಲ್ಲಿಗೂ ಹೋಗುತ್ತದೆ ಅಂತ ಅವಳಿಗೆ ಗೊತ್ತು. ಆದರೆ ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮನೆ ನಡೆಯುವುದು ಹೇಗೆ? ಪರದೆ ಆರಿಸಿ, ತಲೆನೋವು ಅಂತ ಹೇಳಿ ಮನೆಗೆ ಹೋಗಿಬಿಡಲೇ ಅಂದುಕೊಂಡಳು. ನಗಬೇಡ, ನೀನಾಗಿದ್ದರೂ ಅದನ್ನೇ ಅಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅಡುಗೆಮನೆಯಿಂದ “ಹರೀತು!” ಅಂತ ಯಾರೋ ಕೂಗಿದರು. ಜೊತೆಗೇ ಗೊಳ್ಳೆಂದು ನಗು. ವಾರಿಜಾ ಎದ್ದಳು. ಅಡುಗೆಮನೆಯ ಬಾಗಿಲಿಗೆ ಓಡಿ, ಕಣ್ಣು ಮುಚ್ಚಿಕೊಂಡು, “ಅಕ್ಕಾ, ನಂದೂ ಹರೀತು!” ಅಂತ ಕೂಗಿಯೇಬಿಟ್ಟಳು.

“ನಿಂದೇನೇ ಹರೀತು?” ಅಂದಳು ಯಜಮಾನಿ.

“ಕಂಪ್ಯೂಟರ್ ಅಕ್ಕಾ. ಯಾವನೋ ಕಳ್ಳ ಕಳಿಸಿದ ಮೇಲ್ ತೆಗೆದುಬಿಟ್ಟೆ.”

ಯಜಮಾನಿ ಹಿಟ್ಟಿನ ಕೈಯಲ್ಲೇ ಓಡಿದಳು. ಕಂಪ್ಯೂಟರುಗಳನ್ನು ಜೋಡಿಸಿದ್ದ ತಂತಿಗಳನ್ನೆಲ್ಲ ಕಿತ್ತಳು. ಒಂದು ಕಂಪ್ಯೂಟರ್ ಹಾಳಾಯಿತು, ಉಳಿದವು ಉಳಿದವು. ಇಂಥದ್ದೊಂದು ದಿನ ಬಂದೀತು ಅಂತ ಅವಳು ಮೊದಲೇ ಯೋಚಿಸಿದ್ದಳು. ಹಿಂದಿನ ಸಂಜೆಯವರೆಗಿನ ಆರ್ಡರುಗಳ ಪ್ರತಿ ಬೇರೆ ಡಿಸ್ಕಿನಲ್ಲಿ, ಯಾವ ತಂತಿಗೂ ಸಿಕ್ಕಿಸದೆ, ಬೀರುವಿನಲ್ಲಿತ್ತು. ಬಲ್ಲವನೊಬ್ಬನನ್ನು ಕರೆಸಿ, ಉಳಿದ ಕಂಪ್ಯೂಟರುಗಳನ್ನು ಪರೀಕ್ಷೆ ಮಾಡಿಸಿ, ಆ ಪ್ರತಿಯನ್ನು ಅವಕ್ಕೆ ಹಾಕಿಸಿದಳು. ಅದರಲ್ಲಿಲ್ಲದ ಆ ಬೆಳಗಿನ ಆರ್ಡರುಗಳನ್ನು ಗಿರಾಕಿಗಳಿಂದಲೇ ಮತ್ತೆ ಕೇಳಿಕೊಳ್ಳಲು ಎಲ್ಲರೂ ಫೋನು ಹಿಡಿದು ಕೂತರು. ಹಾಳಾದ ಕಂಪ್ಯೂಟರಿನ ಪರದೆಯ ಮೇಲೆ ಕಳ್ಳ ಹಣ ಕೇಳಿ ಉದ್ದಕ್ಕೆ ಬರೆದಿದ್ದ. ಅದನ್ನು ಓದಲು ಯಾರಿಗೂ ಪುರುಸೊತ್ತಿರಲಿಲ್ಲ.

ಚಹಾದ ಹೊತ್ತಿಗೆ ಯಜಮಾನಿ ತಟ್ಟೆಯನ್ನು ವಾರಿಜಾಳ ಮುಂದಿಟ್ಟು, “ಇವತ್ತು ಎಲ್ಲಕ್ಕಿಂತ ದೊಡ್ಡದಾಗಿ ಹರಿದದ್ದು ನಿಂದೇ. ಮೊದಲು ನೀನೇ ತಿನ್ನು,” ಅಂದಳು. ವಾರಿಜಾ ಅತ್ತಳು. ಆಮೇಲೆ ನಕ್ಕಳು. ಆಮೇಲೆ ಇನ್ನೊಂದು ಹಾಕಿಸಿಕೊಂಡಳು.

ಮರುದಿನ ಮನೆಮನೆಗೂ ಹೋಳಿಗೆ ಹೋಯಿತು. ಬೇಳೆ ಹೋಳಿಗೆ ಕೇಳಿದ ಒಬ್ಬರಿಗೆ ಕಾಯಿ ಹೋಳಿಗೆ ಹೋಯಿತಂತೆ. ಅವರು ಎಲ್ಲ ತಿಂದು ಮುಗಿಸಿ, ಆಮೇಲೆ ಜಗಳಕ್ಕೆ ಫೋನು ಮಾಡಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ಅವನ ಮನಸ್ಸು ಹಗುರವಾಗಿತ್ತು.

“ಸದ್ಯ, ನಮ್ಮಲ್ಲಿ ಆ ತೊಂದರೆಯಿಲ್ಲ ಗುರುಗಳೇ,” ಎಂದ. “ಕಂಪನಿ ಶುರುವಾದಂದಿನಿಂದ ನಮ್ಮವರು ಒಬ್ಬರೂ ಇಂಥ ತಪ್ಪು ಮಾಡಿಲ್ಲ.”

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: “ಮಾಡಿಲ್ಲವೋ, ನಿನ್ನ ಹತ್ತಿರ ಹೇಳಿಲ್ಲವೋ?”